ಹಡಗಿನ ಐದನೇ ಬಾಯಿ

"ಈ ಸಲ ನನ್ನ ಹಡಗಲ್ಲಿ ಒಂದೇ ಒಂದು ತಪ್ಪು ಹುಡುಕಿ ತೋರಿಸ್ಲಿ ನೋಡಾನ! ಇವನ್ನೆಲ್ಲಾ ಮೂಟೆ ಕಟ್ಟಿ ಅಟ್ಟಕ್ಕೆ ಹಾಕ್ಬುಟ್ಟು, ಮಾರನೇ ದಿನದಿಂದ್ಲೇ ಕುಡ್ಲು ಹಿಡ್ಕೊಂಡು ನಿನ್ನ ರೇಷ್ಮೆ ಹುಳಕ್ಕೆ ಸೊಪ್ಪು ಕುಯ್ಯಕ್ಕೆ ಬತ್ತೀನಿ."

ಕೈಲಾಂಚದ ಅನಂತರಾಜು ತನ್ನ ನಡುಮನೆಯಲ್ಲಿ ನಿಂತು ಹೀಗೆ ಭೀಷ್ಮ ಪ್ರತಿಜ್ಞೆ ಮಾಡಿದಾಗ ಕೇಳಿಸಿಕೊಂಡವರು ಮೂವರು. ಹೆಂಡತಿ ಪ್ರತಿಮಾ, ತಾಯಿ ಗಂಗಲಕ್ಷ್ಮಮ್ಮ, ಚನ್ನಪಟ್ಟಣದಿಂದ ಬಂದಿದ್ದ ಗೊಂಬೆ ಕೆಲಸದ ಮುಕ್ತಿಯಾರ್. ತಾಯಿಗೆ ಕಿವಿ ಮಂದ, ಮುಕ್ತಿಯಾರ್‌ಗೆ ಕಾಫಿಯ ಮೇಲೆ ಗಮನ. ಪ್ರತಿಮಾ ಒಬ್ಬಳು ಮಾತ್ರ ಒಂದಕ್ಷರ ಬಿಡದೆ ಮನಸ್ಸಿನಲ್ಲಿ ಬರೆದುಕೊಂಡಳು.

"ಮುಕ್ತಿಯಾರಣ್ಣ, ನೀವೇ ಸಾಕ್ಷಿ" ಅಂದಳು.

ಅನಂತರಾಜುವಿನ ಹಡಗು ನೀರಿನದಲ್ಲ, ಆಕಾಶದ್ದು. ಇಂಗ್ಲಿಷ್ ಸಿನಿಮಾಗಳಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುತ್ತವಲ್ಲ, ಅಂಥವು. ಅವುಗಳ ಬಿಡಿ ಭಾಗಗಳನ್ನು ಯಾರೋ ವಿದೇಶದಲ್ಲಿ ರೆಸಿನ್ ಎಂಬ ಗಟ್ಟಿ ಅಂಟಿನಲ್ಲಿ ಎರಕ ಹೊಯ್ದು, ಡಬ್ಬದಲ್ಲಿ ತುಂಬಿ ಮಾರುತ್ತಾರೆ. ತರಿಸಿಕೊಂಡವರು ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಹಡಗು ಮಾಡಿಕೊಳ್ಳಬೇಕು. ಆದರೆ ಅನಂತರಾಜುವಿಗೆ ಬರೀ ಜೋಡಿಸಿದರೆ ಸಮಾಧಾನವಿಲ್ಲ, ತಿದ್ದಬೇಕು. ಇಪ್ಪತ್ತೆರಡು ವರ್ಷದಿಂದ ರಾಮನಗರದ ಕಚೇರಿಯೊಂದರಲ್ಲಿ ಕೂತು ಕಂಡವರ ಅರ್ಜಿಗಳಲ್ಲಿ ತಪ್ಪು ಹುಡುಕಿ "ತಿದ್ದಿ ತನ್ನಿ" ಎಂದು ವಾಪಸ್ಸು ಕಳಿಸುವ ಗುಮಾಸ್ತ ಆತ. ಮನೆಗೆ ಬಂದ ಮೇಲೆ ಆ ಕಣ್ಣನ್ನು ಕಳಚಿ ಗೂಟಕ್ಕೆ ನೇತು ಹಾಕಲಾಗುತ್ತದೆಯೇ? ಹಾಲಿನವನ ಮೇಲೆ ಅನುಮಾನ, ಗೋಡೆ ಗಡಿಯಾರದ ಮೇಲೆ ಅನುಮಾನ. ಡಬ್ಬ ಕಳಿಸಿದ ವಿದೇಶದವನ ಮೇಲಂತೂ ಕೇಳಲೇಬೇಡಿ.

ಹೋದ ವರ್ಷ ಬೆಂಗಳೂರಿನ ಮಾದರಿ ಪ್ರದರ್ಶನದಲ್ಲಿ ತೀರ್ಪುಗಾರರು ಇವನ ಹಡಗನ್ನು ನೋಡಿ "ಎಡ ರೆಕ್ಕೆ ಕೂದಲೆಳೆಯಷ್ಟು ಜೋತಿದೆ" ಎಂದು ಚೀಟಿ ಬರೆದಿಟ್ಟಿದ್ದರು. ಊರಿನವರ ಅರ್ಜಿಗಳನ್ನೆಲ್ಲ ತಿದ್ದಿಸಿದ ಮಹಾನುಭಾವನಿಗೇ ತಿದ್ದುಪಡಿ! ಆ ಅವಮಾನದಿಂದ ಹುಟ್ಟಿದ್ದು ಈ ಪ್ರತಿಜ್ಞೆ.

ಹೊಸ ಹಡಗಿನ ಸೊಟ್ಟ ರೆಕ್ಕೆಯನ್ನು ಸ್ನಾನದ ಹಂಡೆಯ ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಿದ. ಗುಳ್ಳೆ ಬಿದ್ದ ಕಡೆಯೆಲ್ಲ ಸೂಜಿಯಿಂದ ಅಂಟು ಮೆತ್ತಿ ಮುಚ್ಚಿದ. ಬಣ್ಣವನ್ನೂ ಮುಗಿಸಿದ. ಆಮೇಲೆ, ಇಂಟರ್‌ನೆಟ್ಟಿನಿಂದ ಪ್ರಿಂಟ್ ತೆಗೆಸಿ ಶಿಸ್ತಾಗಿ ಫೈಲು ಮಾಡಿಟ್ಟಿದ್ದ ಮೂಲ ಹಡಗಿನ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದ. ಹಡಗಿನ ಹಿಂಭಾಗದಲ್ಲಿ ಬೆಂಕಿ ಉಗುಳುವ ಎಂಜಿನ್ ಬಾಯಿಗಳು ಡಬ್ಬದಲ್ಲಿ ಬಂದಿದ್ದು ನಾಲ್ಕು. ಚಿತ್ರದಲ್ಲಿ ಐದು!

ನಾಲ್ಕರ ನಡುವೆ ಇನ್ನೊಂದು ಪುಟ್ಟ ಬಾಯಿ, ಅಚ್ಚುಕಟ್ಟಾದ ದುಂಡು, ಒಳಗೆ ಕಗ್ಗತ್ತಲು.

"ಕಳ್ಳ ನನ್ಮಗ, ಒಂದು ಬಾಯಿ ನುಂಗವ್ನೆ" ಅಂದ.

ಭೂತಗನ್ನಡಿ ಇನ್ನಷ್ಟು ಮೇಲೆ ಸರಿಸಿದಾಗ ಆಕಾಶದಲ್ಲೊಂದು ಕಪ್ಪು ಚಂದ್ರನೂ ಸಿಕ್ಕಿದ. ಬಹುಶಃ ಅಮಾವಾಸ್ಯೆ ಇರಬೇಕು ಎಂದುಕೊಂಡ. ಸ್ಕೇಲು ಹಿಡಿದು ಟಿಪ್ಪಣಿ ಪುಸ್ತಕದಲ್ಲಿ ಬರೆದ: ಬಾಯಿಗೂ ಚಂದ್ರನಿಗೂ ಗಾತ್ರ ಒಂದೇ, ನಡುವೆ ಅಂತರ ಎಂಟು ಸೆಂಟಿಮೀಟರ್, ಕರಾರುವಾಕ್ಕು.

ಎರಡನ್ನೂ ಮುಕ್ತಿಯಾರ್ ಹಾಲೆ ಮರದಲ್ಲಿ ತಿರುವಿ, ಕಪ್ಪು ಅರಗು ಹಚ್ಚಿ ಕೊಟ್ಟ.

"ಕಪ್ಪು ಚಂದ್ರ ನಾನು ಎಲ್ಲೂ ನೋಡಿಲ್ಲ ರಾಜಣ್ಣ" ಎಂದು ತಲೆ ಕೆರೆದುಕೊಂಡ.

"ಫೋಟೋದಲ್ಲಿ ಐತೆ ಕಣಪ್ಪ. ದಾಖಲೆ."

ದಾಖಲೆ ಅಂದ ಮೇಲೆ ಮುಗಿಯಿತು. ಅಷ್ಟು ಕಪ್ಪು ಬರೀ ಬಣ್ಣದಿಂದ ಬರುವಂಥದ್ದಲ್ಲ, ಆಳದಿಂದಲೇ ಬರಬೇಕು ಎಂಬುದು ಅನಂತರಾಜುವಿನ ಸಂಶೋಧನೆ. ಹಾಗಾಗಿ ಹಡಗಿನ ಟೊಳ್ಳು ಹೊಟ್ಟೆಯವರೆಗೂ ಹೆಬ್ಬೆರಳಿನ ದಪ್ಪಕ್ಕೆ ತೂತು ಕೊರೆದು, ಅದರ ಸುತ್ತ ಮರದ ಬಾಯಿಯನ್ನು ಕೂರಿಸಿದ. ಹಡಗು ನಿಲ್ಲಿಸುವ ಪೀಠದ ಕಂಬಿಗೆ ಚಂದ್ರನನ್ನು ಸಿಕ್ಕಿಸಿದ. ಹಡಗು ಪರಿಪೂರ್ಣವಾಯಿತು. ಪ್ರದರ್ಶನಕ್ಕೆ ಇನ್ನು ಐದೇ ದಿನ.

ಅವತ್ತೇ ಪ್ರತಿಮಾಳ ರೇಷ್ಮೆ ಹುಳುಗಳೂ ಹಣ್ಣಾದವು. ಸೊಪ್ಪು ತಿಂದು ತಿಂದು ಮೈ ತುಂಬಿಕೊಂಡ ಹುಳು ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಅವನ್ನು ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗಳ ಮೇಲೆ ಬಿಡಬೇಕು. ಹಿತ್ತಲ ಹುಳದ ಮನೆಯಲ್ಲಿ ಜಾಗ ಸಾಲದೆ ಪ್ರತಿಮಾ ಆರು ಚಂದ್ರಿಕೆ ತಂದು ನಡುಮನೆಯ ಗೋಡೆಗೆ, ಸರಿಯಾಗಿ ಹಡಗಿನ ಮೇಜಿನ ಪಕ್ಕಕ್ಕೆ ಒರಗಿಸಿದಳು.

"ಗೂಡು ಬಿಡಿಸೋಗಂಟ ಬಣ್ಣದ ಡಬ್ಬಿ ಮುಚ್ಚಳ ತೆಗೆಯಂಗಿಲ್ಲ. ಆ ವಾಸ್ನೆಗೆ ಹುಳ ಸತ್ತೋಯ್ತವೆ. ಆಣೆ ಮಾಡಿ."

"ಆಣೆ. ನೀನೂ ನನ್ನ ಹಡಗು ಮುಟ್ಟಂಗಿಲ್ಲ."

ಇಬ್ಬರೂ ಆಣೆ ಮಾಡಿದರು. ಇಬ್ಬರೂ ಇನ್ನೊಬ್ಬರ ಆಣೆಯನ್ನು ಎಳ್ಳಷ್ಟೂ ನಂಬಲಿಲ್ಲ.

ಮಾರನೇ ಬೆಳಿಗ್ಗೆ ಅನಂತರಾಜು ಹಡಗನ್ನು ತಪಾಸಣೆ ಮಾಡಿದಾಗ ಬಲ ರೆಕ್ಕೆಯ ಮೇಲೆ ಒಂದು ಎಳೆ ಕಂಡಿತು. ತೆಳ್ಳಗೆ, ಹೊಳೆಯುತ್ತಿತ್ತು. ಹುಳು ಸಾಕುವ ಮನೆಯಲ್ಲೇ ಹುಟ್ಟಿ ಬೆಳೆದವನು, ಇದು ಹುಳದ ನೂಲು ಎಂದುಕೊಳ್ಳಬೇಕಿತ್ತು. ಆದರೆ ಹುಳಕ್ಕೆ ಎಲ್ಲಿಂದ ದುರುದ್ದೇಶ ಬರಬೇಕು? ದುರುದ್ದೇಶವಿರುವುದು ಮನುಷ್ಯರಿಗೆ.

"ನೆನ್ನೆ ರೇಷ್ಮೆ ಸೀರೆ ಉಟ್ಟಿದ್ಯಾ?" ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ.

"ಹೂಂ, ರೇಷ್ಮೆ ಸೀರೆ ಉಟ್ಕೊಂಡು ಸಗಣಿ ಬಾಚ್ತಿದ್ದೆ. ಅದ್ಯಾಕ್ರೀ?"

"ಏನಿಲ್ಲ, ಸುಮ್ನೆ."

ಪ್ರತಿಮಾಳ ಕಣ್ಣು ಸಣ್ಣಗಾಯಿತು. ಸುಮ್ಮನೆ ಏನನ್ನಾದರೂ ಕೇಳುವ ಗಂಡಸು ಏನೋ ಮುಚ್ಚಿಡುತ್ತಿರುತ್ತಾನೆ ಎಂಬುದು ಅವಳ ಲೆಕ್ಕಾಚಾರ.

ಗುರುವಾರದ ಹೊತ್ತಿಗೆ ಐದನೇ ಬಾಯಿಯ ಸುತ್ತ ಎಳೆ ಹತ್ತಾಗಿತ್ತು. ಒಳಗೆ ಬೆಳ್ಳಗೆ ಏನೋ ಮಬ್ಬಾಗಿ ಕಾಣುತ್ತಿತ್ತು. ಅನಂತರಾಜುವಿಗೆ ಖಾತ್ರಿಯಾಯಿತು: ಹತ್ತಿ ತುರುಕುತ್ತಿದ್ದಾರೆ! ಪ್ರದರ್ಶನದಲ್ಲಿ ತಾನು ತಪ್ಪಿಗೆ ಸಿಕ್ಕಿಬಿದ್ದರೆ ಸೊಪ್ಪು ಕುಯ್ಯಲು ಪುಕ್ಕಟೆ ಆಳು ಸಿಗುವುದು ಯಾರಿಗೆ? ಪ್ರತಿಮಾಗೆ. ಲಾಭ ಯಾರಿಗೋ ಕೈವಾಡವೂ ಅವರದೇ. ಅಂದಮೇಲೆ ಸಾಕ್ಷ್ಯ ಬೇಕು. ಆಫೀಸಿಗೆ ಹೊರಡುವ ಮುನ್ನ ಯಾರೂ ಇಲ್ಲದ ಹೊತ್ತು ನೋಡಿ ಮೇಜಿನ ಸುತ್ತ ರಾಗಿಹಿಟ್ಟು ಉದುರಿಸಿ ಹೋದ. ಸಂಜೆ ಬಂದು ನೋಡಿದರೆ, ಆಹಾ! ಹಿಟ್ಟಿನಲ್ಲಿ ಹೆಜ್ಜೆ. ಕಾಲುಂಗುರದ ಗುರುತಿನ ಸಮೇತ ಪ್ರತಿಮಾಳ ಹೆಜ್ಜೆ!

"ಸಿಕ್ಕಾಕ್ಕೊಂಡೆ" ಅಂದ.

"ನೀವೇ ಸಿಕ್ಕಾಕ್ಕೊಂಡಿರೋದು" ಅಂದಳು ಪ್ರತಿಮಾ. "ನಾನು ಬಂದಿದ್ದು ನೀವು ಬಣ್ಣಕ್ಕೆ ಬೆರೆಸೋ ಥಿನ್ನರ್ ಬಾಟ್ಲಿ ನೋಡಕ್ಕೆ. ಮಂಗಳವಾರವೇ ಕುಂಕುಮದಲ್ಲಿ ಗೆರೆ ಎಳೆದಿದ್ದೆ. ಇವತ್ತು ಗೆರೆಗಿಂತ ಒಸಿ ಕೆಳಗೈತೆ."

"ಅದು ಆವಿಯಾಗ್ತದೆ ಕಣೇ!"

"ಮುಚ್ಚಳ ತೆಗೀದಲೇ ಆವಿಯಾಯ್ತದಾ?"

ಅಷ್ಟರಲ್ಲಿ ಗಂಗಲಕ್ಷ್ಮಮ್ಮ ಪೊರಕೆ ಹಿಡಿದು ಬಂದರು. "ಅನ್ನ ತಿನ್ನೋ ಮನೇಲಿ ರಾಗಿಹಿಟ್ಟ ನೆಲಕ್ಕೆ ಚೆಲ್ಲಿದೋರು ಯಾರ್ಲಾ? ಇಪ್ಪತ್ತೆರಡು ವರ್ಸ ಸರ್ಕಾರದ ಕೆಲ್ಸ ಮಾಡಿ ಕಲ್ತಿದ್ದು ಇದೇನಾ?" ಎಂದು ಇದ್ದಬದ್ದ ಸಾಕ್ಷ್ಯವನ್ನೆಲ್ಲ ಗುಡಿಸಿ ಕೋಳಿಗೆ ಹಾಕಿದರು.

ಶುಕ್ರವಾರ ಅನಂತರಾಜುವಿಗೆ ಸಾರಿನಲ್ಲಿ ಉಪ್ಪು ಹೆಚ್ಚಾಗಿದ್ದೂ ಸಂಚಿನ ಭಾಗವಾಗಿಯೇ ಕಂಡಿತು.

ಶನಿವಾರ ಮಧ್ಯಾಹ್ನ ಹಡಗನ್ನು ಪೆಟ್ಟಿಗೆಗೆ ಇಳಿಸಲು ಮುಕ್ತಿಯಾರ್ ಬಂದ. ಅನಂತರಾಜುವಿನ ಹತ್ತಿಯ ದೂರು ಕೇಳಿ, ಐದನೇ ಬಾಯಿಯೊಳಗೆ ಮೊಬೈಲಿನ ಬೆಳಕು ಬಿಟ್ಟು ಒಂದು ಕಣ್ಣು ಮುಚ್ಚಿ ನೋಡಿದ. ನೋಡಿದವನು ತುಟಿ ಕಚ್ಚಿಕೊಂಡ.

"ಹತ್ತಿ ಅಲ್ಲ ರಾಜಣ್ಣ. ಗೂಡು."

ಪ್ರತಿಮಾಳೂ ಬಂದಳು, ಮೂವರೂ ಇಣುಕಿದರು. ಹಡಗಿನ ಹೊಟ್ಟೆಯೊಳಗೆ, ಬಾಯಿಗೆ ಹೊಂದಿಕೊಂಡಂತೆ, ಒಂದು ಹುಳು ಸೊಗಸಾದ ಗೂಡು ಕಟ್ಟಿ ಬಾಗಿಲು ಹಾಕಿಕೊಂಡಿತ್ತು. ಹೊರಗೆಲ್ಲ ಬೆಳ್ಳನೆ ನೂಲಿನ ಜಾಲ.

"ನೀನೇ ಬಿಟ್ಟಿದ್ದು!" ಎಂದ ಅನಂತರಾಜು.

"ನಾನ್ಯಾಕೆ ಬಿಡ್ಲಿ? ಹಣ್ಣಾದ ಹುಳ ಕತ್ತಲಾಗಿರೋ ಸಂದಿ ಹುಡುಕ್ತದೆ. ಪಕ್ಕದಲ್ಲೇ ನೀವು ತೂತು ಕೊರೆದು ಮನೆ ಮಾಡಿಕೊಟ್ರಿ. ನಾಲ್ಕೇ ಬಾಯಿ ಇದ್ದಿದ್ರೆ ಅದೆಲ್ಲಿಗೆ ಹೋಗದು?"

"ಐದನೇದು ಇರಲೇಬೇಕು! ದಾಖಲೆ ಐತೆ!"

ದಡದಡನೆ ಹೋಗಿ ಕಪ್ಪು ರಟ್ಟಿನ ಫೈಲು ತಂದು ಮುಕ್ತಿಯಾರ್‌ನ ಮುಂದೆ ಬಿಚ್ಚಿ ಹಿಡಿದ. ಮುಕ್ತಿಯಾರ್ ಬಾಯಿಯನ್ನು ನೋಡಿದ. ಚಂದ್ರನನ್ನು ನೋಡಿದ. ಆಮೇಲೆ ಒಂದು ಹಾಳೆ ಮಗುಚಿದ. ಇನ್ನೊಂದು ಮಗುಚಿದ. ಅವನ ಮುಖದಲ್ಲಿ ಅನುಮಾನ ಮೂಡಿತು. ಈ ಮನೆಯಲ್ಲಿ ಆ ವಾರ ಹುಟ್ಟಿದ ಅನುಮಾನಗಳಲ್ಲಿ ಸರಿಯಾದದ್ದು ಅದೊಂದೇ.

"ರಾಜಣ್ಣ, ಈ ಕರೆಂಟ್ ಬಿಲ್ಲಲ್ಲೂ ಚಂದ್ರ ಐತಲ್ಲ."

ಅನಂತರಾಜು ಬಗ್ಗಿದ. ಕರೆಂಟ್ ಬಿಲ್ಲಿನಲ್ಲಿ ಚಂದ್ರನಿದ್ದ, ಕೆಳಗೆ ಬಾಯಿಯೂ ಇತ್ತು. ಕಂದಾಯ ರಸೀದಿಯಲ್ಲೂ ಇದ್ದವು. ಅಮ್ಮನ ಕಣ್ಣಿನ ಚೀಟಿಯಲ್ಲೂ ಇದ್ದವು. ಎಲ್ಲದರಲ್ಲೂ ದುಂಡಗೆ, ಒಂದೇ ಗಾತ್ರ, ಎಂಟು ಸೆಂಟಿಮೀಟರ್ ದೂರ. ಮುಕ್ತಿಯಾರ್ ಹಡಗಿನ ಚಿತ್ರವನ್ನು ಫೈಲಿನಿಂದ ಬಿಡಿಸಿ ಕಿಟಕಿಗೆ ಹಿಡಿದ. ಅಮಾವಾಸ್ಯೆಯ ಚಂದ್ರ ಪಳಪಳ ಹೊಳೆದ. ಐದನೇ ಬಾಯಿಯ ಮೂಲಕ ಹಿತ್ತಲಿನ ತೆಂಗಿನ ಮರ ಕಂಡಿತು.

ಪಂಚಿಂಗ್ ಮೆಷಿನ್ನಿನ ತೂತುಗಳು! ಫೈಲು ಮಾಡುವಾಗ ಸ್ವತಃ ಅನಂತರಾಜುವೇ, ತನ್ನ ಅಮೃತ ಹಸ್ತದಿಂದಲೇ ಒತ್ತಿದವು. ಹಿಂದಿನ ಕಪ್ಪು ರಟ್ಟು ಅಷ್ಟು ಆಳವಾಗಿ ಕಂಡಿತ್ತು. ಹಾಲಿನವನಿಂದ ಹಿಡಿದು ಕಟ್ಟಿಕೊಂಡ ಹೆಂಡತಿಯವರೆಗೆ ಎಲ್ಲರನ್ನೂ ಅನುಮಾನಿಸಿದ್ದ ಅವನಿಗೆ ತನ್ನ ಪಂಚಿಂಗ್ ಮೆಷಿನ್ನಿನ ಮೇಲೆ ಮಾತ್ರ ಅಪಾರ ನಂಬಿಕೆಯಿತ್ತು. 

ಬಾಯಿ ಕಿತ್ತು, ತೂತು ಮುಚ್ಚಿ, ಬಣ್ಣ ಹಚ್ಚೋಣವೆಂದರೆ ಗೂಡು ಬಿಡಿಸುವವರೆಗೂ ಡಬ್ಬಿ ತೆಗೆಯುವಂತಿಲ್ಲ. ಆಣೆ.

"ಹಂಗೇ ತಗೊಂಡೋಗಿ. ನಾನೂ ಬತ್ತೀನಿ" ಅಂದಳು ಪ್ರತಿಮಾ. ಅವಳ ದನಿಯಲ್ಲಿದ್ದದ್ದು ಕನಿಕರವೋ ಕುತೂಹಲವೋ ಎಂದು ಅವನಿಗೆ ಅನುಮಾನವಾಯಿತು.

ಭಾನುವಾರ ಚಂದ್ರನನ್ನು ಮನೆಯಲ್ಲೇ ಬಿಟ್ಟು ಹಡಗನ್ನು ಬೆಂಗಳೂರಿಗೆ ಹೊತ್ತೊಯ್ದರು. ತೀರ್ಪುಗಾರರು ಹಡಗಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ಹಿಂಭಾಗದಲ್ಲಿ ತುಂಬಾ ಹೊತ್ತು ನಿಂತು ಚೀಟಿ ಬರೆದರು. ಅನಂತರಾಜು ಓದುವ ಧೈರ್ಯವಿಲ್ಲದೆ ಹೆಂಡತಿಗೆ ಕೊಟ್ಟ. ಅವಳು ಗಟ್ಟಿಯಾಗಿ ಓದಿದಳು: "ಮೂಲದಲ್ಲಿ ಐದನೇ ಎಂಜಿನ್ ಇಲ್ಲ. ಇದು ದೊಡ್ಡ ತಪ್ಪು. ಆದರೆ ಅದರಿಂದ ಹೊಮ್ಮುವ ಬಿಳಿಯ ಹೊಗೆ ಇಡೀ ಪ್ರದರ್ಶನದಲ್ಲೇ ಅತ್ಯಂತ ಸಹಜವಾಗಿದೆ. ಹೊಗೆಗೆ ವಿಶೇಷ ಬಹುಮಾನ. ಮಾಡಿದವರು ಯಾರು?"

"ನಮ್ಮ ಹುಳ" ಅಂದಳು ಪ್ರತಿಮಾ, ಹೆಮ್ಮೆಯಿಂದ.

ಸೋಮವಾರ ಬೆಳಿಗ್ಗೆ ಅನಂತರಾಜು ತಾನಾಗಿಯೇ ಕುಡುಗೋಲು ಹಿಡಿದು ಹಿತ್ತಲಿಗೆ ಹೊರಟ. ಹಡಗುಗಳನ್ನು ಮೂಟೆ ಕಟ್ಟಲು ಗೋಣಿಚೀಲ ಎಲ್ಲಿದೆ ಎಂದು ಕೇಳಿದ.

"ಅಟ್ಟಕ್ಕೇನೂ ಬ್ಯಾಡ, ಮೇಜಿನ ಮೇಲೇ ಇರ್ಲಿ" ಅಂದಳು ಪ್ರತಿಮಾ. "ಹೊಸ ಮರಿಹುಳಕ್ಕೆ ಸೊಪ್ಪು ಮಾತ್ರ ಕುಯ್ಕೊಂಡು ಬನ್ನಿ."

ಅವನ ಕಣ್ಣು ತುಂಬಿಬಂತು. ಇಂಥವಳನ್ನು ಅನುಮಾನಿಸಿದೆನಲ್ಲ ಎಂದು ಹೊಸಿಲಲ್ಲೇ ನಿಂತ. ಪ್ರತಿಮಾ ತೀರ್ಪುಗಾರರ ಚೀಟಿಯನ್ನು ಸರಿಯಾಗಿ ಮಡಿಸಿ, ಅವನದೇ ಪಂಚಿಂಗ್ ಮೆಷಿನ್ನಿಗೆ ಕೊಟ್ಟು ಟಕ್ಕೆಂದು ಒತ್ತಿ, ಕಪ್ಪು ಫೈಲಿನಲ್ಲಿ ಸೇರಿಸಿದಳು. ಆಮೇಲೆ ಫೈಲನ್ನು ಅವನ ಕಡೆ ತಿರುಗಿಸಿ ತೋರಿಸಿದಳು.

"ಇನ್ನೊಂದು ಬಾಯಿ, ಇನ್ನೊಂದು ಚಂದ್ರ ಬಂತು ನೋಡಿ. ಮುಕ್ತಿಯಾರಣ್ಣಂಗೆ ಫೋನ್ ಮಾಡ್ಲಾ?"