ಕಣ್ಣು ಮುಚ್ಚಿದರೆ ಜೋಕೆ

ಎಲ್ಲಕ್ಕೂ ಮೂಲ ದೊಡ್ಡಮಾವನ ರೆಪ್ಪೆ. ಕ್ಯಾಮೆರಾ ಕ್ಲಿಕ್ ಅನ್ನುವುದಕ್ಕೂ ಆ ರೆಪ್ಪೆ ಮುಚ್ಚುವುದಕ್ಕೂ ಅದೇನು ನಂಟೋ! ಅವರ ಕೂಡುಕುಟುಂಬದ ಗ್ರೂಪ್ ಫೋಟೋ ತೆಗೆಯಲು ಹೋದ ಊರಿನ ಫೋಟೋಗ್ರಾಫರುಗಳೆಲ್ಲ ಕೈಮುಗಿದು ಓಡಿಬಂದಿದ್ದರು. ಕೊನೆಗೆ ಆ ಕೆಲಸ ಬೆಂಕಿಯತ್ತೆಯ ಪಾಲಿಗೆ ಬಂತು.

ಬೆಂಕಿಯತ್ತೆ ಯಾರ ಅತ್ತೆಯೂ ಅಲ್ಲ, ಪಾಪ. ಧಾರಾವಾಹಿಯಲ್ಲಿ ಆ ಹೆಸರಿನ ಪಾತ್ರವಾಗಿ ವರ್ಷಗಟ್ಟಲೆ ಸೊಸೆಯಂದಿರನ್ನು ಹುರಿದು ಮುಕ್ಕಿದ ನಟಿ. ಮನೆಯಲ್ಲಿ ಮಾತ್ರ ಇರುವೆ ಎದುರಾದರೂ ದಾರಿ ಬಿಡುವ ಹೆಂಗಸು. "ಬೈದೂ ಬೈದೂ ನಾಲಿಗೆ ಸವೆದುಹೋಯ್ತು, ಇನ್ನು ಕಣ್ಣಿಂದ ದುಡೀತೀನಿ" ಎಂದು ನಿರ್ದೇಶಕರನ್ನು ಕಾಡಿ ಬೇಡಿ, ತನ್ನ ಪಾತ್ರವನ್ನು ಮೆಟ್ಟಿಲಿಂದ ಬೀಳಿಸಿ ಸಾಯಿಸಿಕೊಂಡು, ಸ್ಟುಡಿಯೋ ತೆರೆದಿದ್ದಳು. ಆದರೆ ಒಂದು ಪಾಸ್‌ಪೋರ್ಟ್ ಸೈಜಿಗೂ ಯಾರೂ ಬಂದು ಕೂರಲಿಲ್ಲ. ಜನ ತನ್ನನ್ನು 'ಫೋಟೋಗ್ರಾಫರಮ್ಮ' ಎಂದು ಕರೆಯಬೇಕು, ಅದೊಂದೇ ಅವಳ ಆಸೆ. ಈ ಫೋಟೋ ಗೆದ್ದರೆ ಊರೇ ಕರೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಬೆಳಿಗ್ಗೆ ಕ್ಯಾಮೆರಾ ಹೆಗಲಿಗೇರಿಸಿ, ಬೆಳಕಿನ ಛತ್ರಿ ಹಿಡಿಯಲು ಗಂಡನನ್ನು ಎಳೆದುಕೊಂಡು ಹೋದಳು. ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವೆ ಕುರ್ಚಿಯಲ್ಲಿ ಮುತ್ತಜ್ಜಿ ಕೂತಿದ್ದರು.

"ಒಂದೇ ಒಂದು ಫೋಟೋ ತಾಯಿ. ನನ್ನೋರೆಲ್ಲ ಕಣ್ಬಿಟ್ಟು ನನ್ನ ಸುತ್ತ ನಿಂತಿರ್ಬೇಕು. ನಾನು ಕಣ್ಮುಚ್ಚೋಕೆ ಮುಂಚೆ."

ಮೊದಲ ಕ್ಲಿಕ್ಕಿಗೆ ದೊಡ್ಡಮಾವ ಕಣ್ಣು ಮುಚ್ಚಿದರು. ಎರಡನೆಯದಕ್ಕೆ ಬಿಟ್ಟರು, ಆದರೆ ಬಿಟ್ಟರೋ ಇಲ್ಲವೋ ನೋಡಲು ಉಳಿದವರೆಲ್ಲ ಅವರತ್ತ ತಿರುಗಿದರು. ಅಷ್ಟರಲ್ಲಿ ಕಿರಿಸೊಸೆ ಹಿರಿಸೊಸೆಯ ಪಕ್ಕ ನಿಲ್ಲೋಲ್ಲ ಎಂದಳು.

"ಬೆಳಕು ಸಾಲ್ದು ಕಣ್ರೀ!" ಎಂದು ಪಕ್ಕದ ಮನೆಯಾಕೆ ಕಿಟಕಿಯಿಂದ ಕೂಗಿದಳು.

ಎದುರುಮನೆಯ ಡ್ರಿಲ್ ಮಾಸ್ತರರಂತೂ ಒಳಗೇ ಬಂದುಬಿಟ್ಟರು. ಎಲ್ಲರನ್ನೂ ಎತ್ತರದ ಪ್ರಕಾರ ನಿಲ್ಲಿಸಿ, ಮುತ್ತಜ್ಜಿಯನ್ನು ಕುರ್ಚಿ ಸಮೇತ ಮೂಲೆಗೆ ಸರಿಸಿದರು. ಗಾಬರಿಯಾದ ಗಂಡನ ಕೈಯಿಂದ ಛತ್ರಿ ಜಾರಿ ಮಾಸ್ತರರ ತಲೆಯ ಮೇಲೇ ಬಿತ್ತು.

"ನಟನೆ ಮಾಡೋರಿಗೆ ಯಾಕೆ ಬೇಕಿತ್ತು ಈ ಕ್ಯಾಮೆರಾ? ಇವರೂ ಓಡ್ತಾರೆ ನೋಡ್ತಿರಿ" ಎಂದ ಅಳಿಯ. ಎಲ್ಲರೂ ಗೊಳ್ಳೆಂದು ನಕ್ಕರು. ಮೂಲೆಯಲ್ಲಿ ಮುತ್ತಜ್ಜಿಯ ಕಣ್ಣು ತುಂಬಿತು.

ಕ್ಯಾಮೆರಾ ಹಿಡಿದವಳು ಅದನ್ನು ಕಂಡಳು. ಮರುಕ್ಷಣ ಪಿತ್ತ ನೆತ್ತಿಗೇರಿತು. ಸತ್ತ ಬೆಂಕಿಯತ್ತೆ ಎದ್ದು ಬಂದಳು.

"ಏಯ್! ಮುಚ್ರೋ ಬಾಯಿ! ಅಜ್ಜೀನ ನಡುವೆ ಕೂರ್ಸಿ! ಇನ್ನು ಯಾವನಾದ್ರೂ ಕಣ್ಣು ಮುಚ್ಚಿದ್ರೆ, ಮತ್ತೆ ತೆರೆಯೋ ಪುಣ್ಯ ಇರಲ್ಲ, ಹುಷಾರ್!"

ಮಾಸ್ತರರೇ ಮುತ್ತಜ್ಜಿಯ ಕುರ್ಚಿಯನ್ನು ಓಡೋಡಿ ನಡುವೆ ತಂದಿಟ್ಟರು. ಸೊಸೆಯಂದಿರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅಳುತ್ತಿದ್ದ ಕೂಸು ಬಿಕ್ಕುವುದನ್ನೂ ಮರೆಯಿತು. ಕ್ಲಿಕ್!

ಆಹಾ, ಅದೆಂಥ ಫೋಟೋ! ಎಲ್ಲರ ಕಣ್ಣೂ ತೆರೆದಿದ್ದವು, ದೊಡ್ಡಮಾವನವಂತೂ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ. ನಡುವೆ ಮುತ್ತಜ್ಜಿ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದರು. ಕ್ಯಾಮೆರಾದ ಪರದೆಯ ಮೇಲೆ ಅದನ್ನು ನೋಡಿ ಅವಳ ಕೆನ್ನೆ ಸವರಿದರು. "ನೀನೇ ಕಣವ್ವ ಫೋಟೋಗ್ರಾಫರು!"

ಅವಳಿಗೆ ಆಕಾಶ ಮೂರೇ ಗೇಣು. ಸುದ್ದಿ ಅವಳಿಗಿಂತ ಮೊದಲೇ ಬೀದಿ ಸುತ್ತಿತ್ತು. ಸಂಜೆ ಸ್ಟುಡಿಯೋ ಮುಂದೆ ಸಾಲೋ ಸಾಲು!

"ನೋಡಿದ್ರಾ ರೀ? ಇಷ್ಟು ಜನ ನನ್ನ ಕೈಯಲ್ಲಿ ಫೋಟೋ ತೆಗೆಸಿಕೊಳ್ಳೋಕೆ ಬಂದಿದಾರೆ!" ಎಂದು ಗಂಡನ ಮುಂದೆ ಎದೆಯುಬ್ಬಿಸಿ, ಮೊದಲ ಕುಟುಂಬವನ್ನು ಪರದೆಯ ಮುಂದೆ ಕೂರಿಸಿ, ಕ್ಯಾಮೆರಾಗೆ ಕಣ್ಣಿಟ್ಟಳು.

"ಅಯ್ಯೋ, ನೀವ್ಯಾಕಮ್ಮ ಅಲ್ಲಿ? ಬನ್ನಿ ಈ ಕಡೆ" ಎಂದಳು ಆ ಮನೆಯೊಡತಿ. "ನಡುವೆ ನಿಂತು ನಮ್ಮನ್ನ ಚೆನ್ನಾಗಿ ಬೈರಿ. ಆ ಪೋಸಲ್ಲೇ ಬೇಕು. ಯಜಮಾನ್ರು ತೆಗೀತಾರೆ ಬಿಡಿ."

ಸಾಲಿನಲ್ಲಿದ್ದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಬಂದ ಗಿರಾಕಿಗಳನ್ನು ಓಡಿಸುವುದು ಹೇಗೆ? ಕ್ಯಾಮೆರಾ ಗಂಡನ ಕೊರಳಿಗೆ ಹೋಯಿತು, ಅವಳು ಬೈಯಲು ನಿಂತಳು. ಅಂಗಡಿ ಮುಚ್ಚುವ ಹೊತ್ತಿಗೆ ಗಂಟಲು ಕಟ್ಟಿಹೋಗಿತ್ತು. ಗಂಡ ಅರ್ಧಕ್ಕರ್ಧ ಜನರ ತಲೆ ಕತ್ತರಿಸಿದ್ದರೂ ಯಾರೂ ಚಕಾರವೆತ್ತಲಿಲ್ಲ.

ಕೊನೆಯ ಗಿರಾಕಿ ಹೊರಡುವಾಗ ಗಂಡನ ಕೈಕುಲುಕಿದ.

"ಫೋಟೋಗ್ರಾಫರ್ ಸಾಹೇಬ್ರೇ, ಏನು ಕೈಚಳಕ ನಿಮ್ಮದು! ಭಾನುವಾರ ನಮ್ಮನೇಗೂ ಬನ್ನಿ. ಹಾಗೇ ಇವರನ್ನೂ ಕರ್ಕೊಂಡು ಬನ್ನಿ, ಬೈಯೋಕೆ."