ಕೊಳಗದ ಪಾನಕ, ಬಿಂದಿಗೆಯ ಲೆಕ್ಕ

ನಂಜುಂಡಪ್ಪ ಯಾರನ್ನೂ ಏನನ್ನೂ ಕೇಳಿ ತಿಳಿಯುವ ಮನುಷ್ಯನಲ್ಲ. ತಿಪಟೂರಿಗೆ ಹೊರಟು, ತಪ್ಪು ಬಸ್ಸು ಹತ್ತಿ, ಚಿಕ್ಕನಾಯಕನಹಳ್ಳಿಯಲ್ಲಿ ಇಳಿದಾಗಲೂ ತನಗೆ ಅಲ್ಲೇ ಕೆಲಸವಿತ್ತು ಎಂದವನು. ಮದುವೆಯಾದಂದಿನಿಂದ ಹೆಂಡತಿ ಚಿಕ್ಕಗೌರಮ್ಮನಿಗೆ ಅವನ ಬಗೆಗಿನ ತನ್ನ ಈ ತೀರ್ಪನ್ನು ತಿದ್ದುವ ಪ್ರಸಂಗ ಬಂದಿರಲಿಲ್ಲ.

ಮಗಳು ಭವ್ಯಶ್ರೀ ಪಿಯುಸಿಯಲ್ಲಿ ಕೆಮಿಸ್ಟ್ರಿಯೊಂದರಲ್ಲೇ ಫೇಲಾಗಿದ್ದಳು. ನಾಳಿದ್ದು ಮರುಪರೀಕ್ಷೆ. ಪಾಸಾದರೆ ನರ್ಸಿಂಗ್, ಇಲ್ಲವಾದರೆ ವರ್ಷವಿಡೀ ಮನೆ. ರಾಮನವಮಿಯ ಬೆಳಿಗ್ಗೆ ಅವಳು ಪುಸ್ತಕ ನೂಕಿ ಅಳುತ್ತಾ ಕುಳಿತಳು.

"ದ್ರಾವಣ ಬೆರೆಸೋ ಲೆಕ್ಕ ಕಂಡ್ರೆ ಪೆನ್ನೇ ಓಡಲ್ಲ. ನಾನು ಪರೀಕ್ಷೆಗೆ ಹೋಗಲ್ಲ."

"ಅಳೋದು ಬುಡು," ಎಂದ ನಂಜುಂಡಪ್ಪ. "ಇವತ್ತಿನ ಪಾನಕದಲ್ಲೇ ನಿಂಗೆ ಕೆಮಿಸ್ಟ್ರಿ ಅರೆದು ಕುಡಿಸ್ತೀನಿ."

ಚಿಕ್ಕಗೌರಮ್ಮ ಬೆಲ್ಲದ ಡಬ್ಬವನ್ನು ತನ್ನತ್ತ ಎಳೆದುಕೊಂಡಳು. ದಬ್ಬೇಘಟ್ಟದಲ್ಲಿ ಬಸ್ಸು ನಿಲ್ಲುವ ಕಡೆ, ತೆಂಗಿನ ಗರಿಯ ಚಪ್ಪರದಡಿ ಬಂದವರಿಗೆಲ್ಲ ಪಾನಕ ಕೊಡುವುದು ಅವರ ಮನೆಯ ಪದ್ಧತಿ. ಆ ಪಾನಕ ಈಗ ವಿಜ್ಞಾನದ ಪಾಲಾಯಿತು.

ದೊಡ್ಡ ಕೊಳಗದಲ್ಲಿ ತೆಳು ಪಾನಕ, ಪುಟ್ಟ ಬಿಂದಿಗೆಯಲ್ಲಿ ಗಟ್ಟಿ ಪಾನಕ ಸಿದ್ಧವಾದವು. ನಂಜುಂಡಪ್ಪ ಸೀಮೆಸುಣ್ಣ ಹಿಡಿದ.

"ಕೊಳಗದಲ್ಲಿ ನೂರಕ್ಕೆ ಹತ್ತು ಬೆಲ್ಲ, ಬಿಂದಿಗೇಲಿ ನಲವತ್ತು. ಬೆರೆಸಿದ್ರೆ? ಕೂಡ್ಸು, ಎರಡರಿಂದ ಭಾಗಿಸು. ಇಪ್ಪತ್ತೈದು. ಇಷ್ಟೇ ಕಣವ್ವ."

"ಕೊಳಗ ದೊಡ್ಡದು, ಬಿಂದಿಗೆ ಚಿಕ್ಕದು ಅಲ್ವಾ ಅಪ್ಪಾಜಿ?"

"ಹೇಳ್ಕೊಡೋವಾಗ ನಡುವೆ ಬಾಯಿ ಹಾಕಬ್ಯಾಡ."

ಭವ್ಯಶ್ರೀ ಎದ್ದು ಒಳಗೆ ಹೋದಳು. ಅವನು ಬಿಂದಿಗೆಯನ್ನು ಕೊಳಗಕ್ಕೆ ಸುರಿದ. ಚಿಕ್ಕಗೌರಮ್ಮ ಒಂದು ಗುಟುಕು ಕುಡಿದಳು.

"ಇದು ಪಾನಕವೇನ್ರೀ? ಬೆಲ್ಲದ ಪಾತ್ರೆ ತೊಳೆದ ನೀರು."

ಅವನು ಬೆಲ್ಲದ ಅಚ್ಚುಗಳನ್ನೇ ಜಜ್ಜಿ ಹಾಕಿದ. ಸಿಹಿ ಅತಿಯಾಯಿತು. ನೀರು ಹೊಯ್ದ. ಮತ್ತೆ ಸಪ್ಪೆ. ಪ್ರತಿ ಸಲವೂ ಕೂಡಿಸಿದ, ಎರಡರಿಂದ ಭಾಗಿಸಿದ. ಪಾನಕ ಮಾತ್ರ ಭಾಗವಾಗದೆ ಬೆಳೆಯುತ್ತಲೇ ಹೋಯಿತು. ಕೊಳಗ ತುಂಬಿ ಬಕೆಟ್ಟುಗಳಿಗೆ ಇಳಿಯಿತು, ಬಕೆಟ್ಟು ಸಾಲದೆ ಬಚ್ಚಲ ಹಂಡೆಗೆ ಏರಿತು.

"ಹಸು ನೀರು ಕುಡಿಯೋ ಬಾನಿ ತೊಳೆದು ತತ್ತಾ," ಎಂದ.

"ಬಾನಿ ಮುಟ್ಟಿದ್ರೆ ನಾನು ತವರಿಗೆ ಹೋಯ್ತೀನಿ."

ಬಾನಿಯೂ ತುಂಬಿತು. ಹಸು ಒಮ್ಮೆ ಮೂಸಿ ಮುಖ ತಿರುಗಿಸಿತು. ಅಷ್ಟರಲ್ಲಿ ಪಕ್ಕದ ಮನೆಯ ರೇವಣಸಿದ್ದಯ್ಯ ಬಂದು ಒಂದು ಲೋಟ ಎತ್ತಿದ.

"ನೀರು ಚೆನ್ನಾಗೈತೆ ಕಣಪ್ಪ ನಂಜುಂಡಪ್ಪ. ಬೋರ್‌ವೆಲ್ಲಿಂದಾ?"

ಚಿಕ್ಕಗೌರಮ್ಮ ಹಣೆಗೆ ಕೈ ಹಚ್ಚಿ ಕುಳಿತಳು. ಡಬ್ಬದ ತಳದಲ್ಲಿ ಕೊನೆಯ ನಾಲ್ಕು ಅಚ್ಚು ಬೆಲ್ಲ. ರಸ್ತೆಯಲ್ಲಿ ಬಸ್ಸಿನ ಹಾರ್ನು. ಒಳಗೆ ಮಗಳು ಹಾಲ್ ಟಿಕೆಟ್ಟನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಚಾಪೆ ಹಾಸಿ ಮಲಗಿದ್ದಳು. ಬೆಲ್ಲವೂ ಹೋಯಿತು, ನರ್ಸಿಂಗೂ ಹೋಯಿತು.

ನಂಜುಂಡಪ್ಪ ಸೀಮೆಸುಣ್ಣ ಹಿಡಿದು ಒಳಗೆ ನಡೆದ. ಇನ್ನು ಕೂಗಾಟವೇ ಎಂದು ಚಿಕ್ಕಗೌರಮ್ಮನೂ ಹಿಂದೆಯೇ ಓಡಿದಳು.

ಅವನು ಮಗಳ ಮುಂದೆ ಬರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಸೀಮೆಸುಣ್ಣವನ್ನು ಅವಳತ್ತ ಚಾಚಿದ್ದ.

"ಕೊಳಗ ದೊಡ್ಡದು ಅಂದ್ಯಲ್ಲ. ಅದೆಂಗೆ, ಒಸಿ ಹೇಳ್ಕೊಡವ್ವ."

ಭವ್ಯಶ್ರೀ ಎದ್ದು ಕುಳಿತಳು. ನೆಲದ ಮೇಲೆ ಒಂದು ದೊಡ್ಡ ಸೊನ್ನೆ, ಪಕ್ಕದಲ್ಲಿ ಒಂದು ಚಿಕ್ಕ ಸೊನ್ನೆ ಬರೆದಳು. ಸೀಮೆಸುಣ್ಣ ಎಲ್ಲೂ ನಿಲ್ಲಲಿಲ್ಲ.

"ಮೊದ್ಲು ಯಾವುದರಲ್ಲಿ ಎಷ್ಟು ಬೆಲ್ಲ ಐತೆ ಅಂತ ಬೇರೆಬೇರೆ ನೋಡ್ಬೇಕು."

"ಆಮೇಲೆ ಎರಡರಿಂದ—"

"ಅಪ್ಪಾಜಿ, ಹೇಳ್ಕೊಡೋವಾಗ ನಡುವೆ ಬಾಯಿ ಹಾಕಬ್ಯಾಡಿ."