ಮಾವನ ದೋಣಿಗೆ ಒಂದು ಮೊಳ ಹೊಳಪು

ಮಾವನವರ ದೋಣಿಯ ಅಂಚಿಗೆ ಸುತ್ತಲೂ ಬಡಿದಿರುವ ಅಲ್ಯೂಮಿನಿಯಂ ಪಟ್ಟಿಯನ್ನು ಮುಂದಿನ ಭಾನುವಾರದೊಳಗೆ ಮುಖ ಕಾಣುವಷ್ಟು ಹೊಳೆಯಿಸುತ್ತೇನೆ, ಇಲ್ಲದಿದ್ದರೆ ಈ ಮನೆಯ ಅಳಿಯನೆಂದು ಕರೆಸಿಕೊಳ್ಳುವುದಿಲ್ಲ ಎಂದು ನಾನು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ನನ್ನ ಹೆಂಡತಿ ತಲೆಯನ್ನೂ ಎತ್ತದೆ, "ಮೊದಲು ತಟ್ಟೆ ಎತ್ತಿಡಿ" ಎಂದಳು. ಎತ್ತಿಟ್ಟೆ. ಮಹಾ ಪ್ರತಿಜ್ಞೆಗಳಿಗೆಲ್ಲ ಹೀಗೊಂದು ಸಣ್ಣ ಅಡಚಣೆ ಇದ್ದೇ ಇರುತ್ತದೆ.

ಆದರೆ ವಿಷಯ ಸಣ್ಣದಲ್ಲ. ಮಾವ ನಮ್ಮ ಜೊತೆಯಲ್ಲೇ ಇದ್ದಾರೆ. ನಲವತ್ತು ವರ್ಷ ಬೇರೆಯವರ ದೋಣಿ ರಿಪೇರಿ ಮಾಡಿ, ಸಂಜೆ ಹೊತ್ತು ತಮ್ಮ ಪುಟ್ಟ ದೋಣಿಯಲ್ಲಿ ಕೆರೆ ಸುತ್ತಿದವರು. ಆರು ತಿಂಗಳ ಹಿಂದೆ ಮಂಡಿಯ ಆಪರೇಷನ್ ಆಯಿತು. ಅಂದು ವೆರಾಂಡದ ಕುರ್ಚಿ ಹಿಡಿದವರು ಇಂದಿಗೂ ಬಿಟ್ಟಿಲ್ಲ. ವ್ಯಾಯಾಮ ಮಾಡಿಸಲು ಬರುವಾಕೆ "ಮಂಡಿ ಬಗ್ಗಿಸಿ ಅಂಕಲ್" ಎಂದರೆ "ನಾಳೆ ನೋಡೋಣಮ್ಮ" ಎನ್ನುತ್ತಾರೆ. ದೋಣಿ ಅಂಗಳದಲ್ಲಿ ಎರಡು ಮರದ ದಿಮ್ಮಿಗಳ ಮೇಲೆ ಕೂತಿತ್ತು. ಅದರ ಪಟ್ಟಿ ಬಿಸಿಲು ಮಳೆಗೆ ಬೂದಿ ಬಳಿದಂತಾಗಿತ್ತು. ಕೊನೆಗೆ ಮಾವ ಬೀದಿಯ ಕೊನೆಯಲ್ಲಿ ಗಿಡ ಮಾರುವ ಹೆಂಗಸಿಗೆ ಹೇಳಿಯೇಬಿಟ್ಟರು: "ಮುಂದಿನ ಭಾನುವಾರ ಬಂದು ತಗೊಂಡು ಹೋಗಮ್ಮ. ಮಣ್ಣು ತುಂಬಿ ಹೂವಿನ ಗಿಡ ಹಾಕ್ಕೋ. ಅದೂ ನನ್ನ ಹಾಗೇ, ಇನ್ನು ನೀರಿಗಿಳಿಯಲ್ಲ."

ಅದನ್ನು ಕೇಳಿ ನನ್ನವಳು ಅಡುಗೆಮನೆಗೆ ಹೋಗಿ ಅತ್ತಳು. "ದೋಣಿ ಹೋದ್ರೆ ಅಪ್ಪ ಆ ಕುರ್ಚಿಯಿಂದ ಏಳೋದೇ ಇಲ್ಲ ರೀ" ಎಂದಳು. ಅವಳು ಅಳುವುದು ಅಪರೂಪ, ನನ್ನಿಂದ ನೋಡಲಾಗಲಿಲ್ಲ. ದೋಣಿ ಹೊಸದಾಗಿ ಕಂಡರೆ ಮಾವನಿಗೂ ಹುರುಪು ಬಂದೀತು ಎಂದುಕೊಂಡೇ ಪ್ರತಿಜ್ಞೆ ಮಾಡಿದ್ದು.

ಮಾರನೆಯ ದಿನ ಆಫೀಸಿನಿಂದ ಬರುವಾಗ ಪಾಲಿಶ್ ಡಬ್ಬಿ ತಂದೆ. ಹಚ್ಚಿದೆ, ಉಜ್ಜಿದೆ, ಬಿಳಿ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಕಾಡಿಗೆಯಂತೆ ಕಪ್ಪಾಯಿತು. ಎಷ್ಟು ವರ್ಷದ ಕೊಳೆಯಪ್ಪಾ ಎಂದು ನನಗೆ ಖುಷಿಯೋ ಖುಷಿ.

ಇಲ್ಲಿ ನಮ್ಮ ಮನೆಯ ಒಂದು ಕಾನೂನನ್ನು ನಿಮಗೆ ತಿಳಿಸಬೇಕು. ನಾನು ಕಿಟಕಿ ಒರೆಸಲಿ, ಫ್ಯಾನ್ ಒರೆಸಲಿ, ಹಿಂದೆಯೇ ನನ್ನ ಹೆಂಡತಿ ಒಂದು ಬಿಳಿ ಬಟ್ಟೆ ತಂದು ಅದರ ಮೇಲೆ ಒಂದು ಸಲ ಎಳೆಯುತ್ತಾಳೆ. ಬಟ್ಟೆಯಲ್ಲಿ ಕಪ್ಪು ಕಂಡರೆ ನಾನು ನಪಾಸು. ಹದಿನಾಲ್ಕು ವರ್ಷದ ಸಂಸಾರದಲ್ಲಿ ನಾನು ಪಾಸಾದದ್ದು ಎರಡೇ ಸಲ. ಹಾಗಾಗಿ ಈ ಬಾರಿ ಮೊದಲೇ ನಿರ್ಧರಿಸಿದೆ. ಬಟ್ಟೆ ಬೆಳ್ಳಗೆ ಬರುವವರೆಗೆ ಆ ಜಾಗ ಬಿಟ್ಟು ಕದಲುವುದಿಲ್ಲ!

ಮತ್ತೆ ಹಚ್ಚಿದೆ, ಒರೆಸಿದೆ. ಕಪ್ಪು. ಮತ್ತೆ ಒರೆಸಿದೆ. ಕಪ್ಪು. ಸೋಮವಾರ ನನ್ನ ಹಳೆಯ ಬನಿಯನ್ನುಗಳೆಲ್ಲ ಮುಗಿದವು. ಮಂಗಳವಾರ ಟವೆಲ್ಲುಗಳು ವೀರಮರಣ ಹೊಂದಿದವು. ಬುಧವಾರ ದಿಂಬಿನ ಕವರುಗಳಿಗೆ ಕೈಹಾಕಿದೆ.

"ಇನ್ನೂ ಎಷ್ಟಿದೆ ಕೊಳೆ?" ಎಂದಳು ಹೆಂಡತಿ.

"ನಿಮ್ಮಪ್ಪನ ದೋಣಿ. ನನ್ನನ್ನ ಕೇಳಿದ್ರೆ?"

"ಅಪ್ಪನ ದೋಣಿ ಅಂದ್ರೆ ಕೊಳೆ ಅಂತಾನಾ?"

ಮಾತು ಬೇರೆ ದಾರಿ ಹಿಡಿಯುವುದನ್ನು ಕಂಡು ನಾನು ಇನ್ನಷ್ಟು ಜೋರಾಗಿ ಉಜ್ಜಿದೆ.

ಗುರುವಾರ ಕಪ್ಪಾದ ಬಟ್ಟೆಗಳನ್ನೆಲ್ಲ ಒಟ್ಟುಮಾಡಿ, ಹೆಂಡತಿಗೆ ಉಪಕಾರವಾಗಲೆಂದು ವಾಷಿಂಗ್ ಮೆಷಿನ್‌ಗೆ ತುಂಬಿದೆ. ಒಳಗೆ ಆಗಲೇ ಮನೆಮಂದಿಯ ಬಟ್ಟೆ ಇದ್ದದ್ದು ನೋಡಲಿಲ್ಲ. ಶುಕ್ರವಾರ ನಮ್ಮ ಮನೆಯಲ್ಲಿ ಬಣ್ಣ ಎಂಬುದೇ ಉಳಿದಿರಲಿಲ್ಲ. ಅಂಗಿ, ಲಂಗ, ಮಾವನ ಪೈಜಾಮ, ಎಲ್ಲವೂ ಒಂದೇ ಬೂದು. ಆಫೀಸಿನಲ್ಲಿ ಪಕ್ಕದ ಮೇಜಿನ ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸೆಕ್ಯುರಿಟಿ ಕೆಲಸಕ್ಕೆ ಯಾವಾಗ ಹಾಕಿದ್ರು ಸಾರ್?" ಎಂದು ಕೇಳಿದ. ಮನೆಯಲ್ಲಿ ನನ್ನವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಇಷ್ಟೆಲ್ಲ ಆದರೂ ಮಾವ ಕುರ್ಚಿಯಲ್ಲಿ ಕೂತು ನೋಡುತ್ತಲೇ ಇದ್ದರು. "ಹೇಗಿದೆ ಮಾವ?" ಎಂದರೆ "ಹ್ಞೂಂ" ಎನ್ನುವರು. ದಿನ ಕಳೆದಂತೆ ಆ ಹ್ಞೂಂ ಉದ್ದವಾಗುತ್ತ ಹೋಯಿತು. ಮೆಚ್ಚುಗೆಯೆಂದೇ ನಾನು ತಿಳಿದೆ.

ಭಾನುವಾರ ಬೆಳಗ್ಗೆ ಗಿಡದ ಹೆಂಗಸು ತಳ್ಳುಗಾಡಿಯ ಮೇಲೆ ಮೂರು ಚೀಲ ಮಣ್ಣು ಹೇರಿಕೊಂಡು ಬಂದೇಬಿಟ್ಟಳು. ಬಟ್ಟೆ ಇನ್ನೂ ಕಪ್ಪೇ! ಹೆಂಡತಿ ಬಾಗಿಲಲ್ಲಿ ಬೂದಾಗಿಹೋದ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಕಿಟಕಿಯ ಪರದೆಯನ್ನೇ ಎಳೆದು ತಂದು, ಕೊನೆಯ ಪ್ರಯತ್ನವೆಂದು ಗುಂಡಗೆ ಗುಂಡಗೆ ಉಜ್ಜತೊಡಗಿದೆ.

"ಅಳಿಯಂದ್ರೇ, ಸಾಕು ನಿಲ್ಲಿಸಿ."

ತಿರುಗಿ ನೋಡಿದರೆ ಕುರ್ಚಿ ಖಾಲಿ! ಮಾವ ಕೋಲನ್ನೂ ಹಿಡಿಯದೆ ಮೆಟ್ಟಿಲಿಳಿದು ನನ್ನ ಬೆನ್ನ ಹಿಂದೆ ನಿಂತಿದ್ದರು. ಮುಖ ಕೆಂಪಗಿತ್ತು.

"ಏನು ಮಾಡ್ತಿದ್ದೀರಿ ಒಂದು ವಾರದಿಂದ?"

"ಕೊಳೆ ತೆಗೀತಿದ್ದೀನಿ ಮಾವ. ಎಷ್ಟು ಒರೆಸಿದ್ರೂ ಹೋಗ್ತಿಲ್ಲ."

"ಕೊಳೆ ಸೋಮವಾರ ಐದು ನಿಮಿಷದಲ್ಲೇ ಹೋಯ್ತು. ಅಲ್ಯೂಮಿನಿಯಂ ಉಜ್ಜಿದ್ರೆ ಕಪ್ಪೇ ಬರೋದು. ಇನ್ನೂ ಹತ್ತು ವರ್ಷ ಉಜ್ಜಿದ್ರೂ ಕಪ್ಪೇ. ಅದು ಕೊಳೆ ಅಲ್ಲ, ನನ್ನ ಪಟ್ಟಿ. ಅರ್ಧ ಪಟ್ಟಿನ ನೀವು ಬಟ್ಟೆಗೆ ಒರೆಸಿ ಮೆಷಿನ್‌ಗೆ ಹಾಕಿದ್ದೀರಿ."

ನಾನು ಆಗ ಮೊದಲ ಸಲ ಬಟ್ಟೆ ಬಿಟ್ಟು ಪಟ್ಟಿಯನ್ನು ನೋಡಿದೆ. ಒಂದೇ ಒಂದು ಮೊಳದಷ್ಟು ಜಾಗ ಕಣ್ಣು ಕೋರೈಸುತ್ತಿತ್ತು. ಅದರಲ್ಲಿ ನನ್ನ ಪೆಚ್ಚುಮೋರೆ ಸ್ಪಷ್ಟವಾಗಿ ಕಾಣುತ್ತಿತ್ತು. ಉಳಿದ ಪಟ್ಟಿಯೆಲ್ಲ ಮೊದಲಿನಂತೆಯೇ ಬೂದು.

"ಮೊದಲ ದಿನವೇ ಹೇಳಬಾರದಿತ್ತಾ ಮಾವ?"

"ಇವತ್ತು ನಿಲ್ಲಿಸ್ತೀರಿ, ನಾಳೆ ನಿಲ್ಲಿಸ್ತೀರಿ ಅಂತ ಕಾದೆ. ಇನ್ನು ನೋಡಕ್ಕಾಗಲ್ಲ. ಕೊಡಿ ಇಲ್ಲಿ."

ಪರದೆ ಕಿತ್ತುಕೊಂಡು, ಅಂಚು ಹಿಡಿದು, ಮಂಡಿ ಬಗ್ಗಿಸಿ ದೋಣಿಯೊಳಗೆ ಕಾಲಿಟ್ಟೇಬಿಟ್ಟರು. ಪಟ್ಟಿಯ ಉದ್ದಕ್ಕೆ ನಾಲ್ಕು ಸಲ ಉಜ್ಜುವುದು, ಒರೆಸುವುದು, ಹೊಳಪು ಕಂಡ ಕೂಡಲೇ ಮುಂದಕ್ಕೆ ಸರಿಯುವುದು. ಮಧ್ಯಾಹ್ನದೊಳಗೆ ಇಡೀ ದೋಣಿ ಬಿಸಿಲಿಗೆ ಝಗಝಗಿಸಿತು. ಗಿಡದ ಹೆಂಗಸು, "ಮಣ್ಣು ಎಲ್ಲಿ ಹಾಕ್ಲಿ ಅಜ್ಜಾ?" ಎಂದದ್ದಕ್ಕೆ, "ಅಂಗಳದ ಮೂಲೇಲಿ ಹಾಕಮ್ಮ, ದೋಣಿ ನೀರಿಗೆ ಹೋಗುತ್ತೆ" ಎಂದರು. ನನ್ನವಳು ನಗುತ್ತ ಅಳುತ್ತ ನನ್ನನ್ನು ನೋಡಿದಳು. ಎರಡು ದಿನದ ಮೌನ ಅಲ್ಲಿಗೆ ಮುಗಿಯಿತು.

ಸಂಜೆ ದೋಣಿಯನ್ನು ಗಾಡಿಯ ಮೇಲೆ ಕೆರೆಗೆ ಒಯ್ದು ಇಳಿಸಿದೆವು. ತಮ್ಮ ಮಗಳನ್ನು ಹತ್ತಿಸಿಕೊಂಡು ಮಾವ ಹುಟ್ಟು ಹಿಡಿದರು. ನಾನೂ ಪ್ಯಾಂಟು ಮಡಚಿ ಸಿದ್ಧನಾದೆ.

"ಅಪ್ಪ, ಇವರನ್ನೂ ಕರ್ಕೊಳ್ಳೋಣ. ಒಂದು ವಾರ ಕಷ್ಟಪಟ್ಟಿದ್ದಾರೆ" ಎಂದಳು ನನ್ನವಳು.

ಮಾವ ನನ್ನ ಕೈಯತ್ತ ನೋಡಿದರು. ಅವರು ಒರೆಸಿ ಬಿಟ್ಟ ಪರದೆಯನ್ನು ನಾನು ಸಂಭ್ರಮದಲ್ಲಿ ಹಿಡಿದುಕೊಂಡೇ ಬಂದಿದ್ದೆ.

"ಬೇಡಮ್ಮ" ಎಂದರು ಮಾವ, ದೋಣಿಯನ್ನು ದಡದಿಂದ ದೂರ ತಳ್ಳುತ್ತ. "ಮಧ್ಯ ಕೆರೆಯಲ್ಲಿ ಒರೆಸಕ್ಕೆ ಶುರು ಮಾಡಿದ್ರೆ ದೋಣಿ ತೂತಾಗುತ್ತೆ. ಈಜೋ ಅಷ್ಟು ನನ್ನ ಮಂಡಿ ಇನ್ನೂ ಬಗ್ಗಲ್ಲ."